ಮನೆಯ ಇಬ್ಬರು ಹೌದೆನ್ನಬೇಕು

ನನ್ನ ಮೊಮ್ಮಗಳ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುವ ಮೇಷ್ಟ್ರು ಬಹಳ ಕಾಲ ಪತ್ರಿಕೆಯಲ್ಲಿ ಕೆಲಸ ಮಾಡಿ ಬಂದವರು. ಮೊದಲನೆಯ ದಿನ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಎದ್ದು, ತಾವು ಯಾರು, ಮುಂದೆ ಏನಾಗಬೇಕೆಂದಿದ್ದೇವೆ ಎಂದು ಹೇಳಿದರಂತೆ. ಮೇಷ್ಟ್ರು ಕೊನೆಯವರೆಗೂ ಕೇಳಿ, "ಇವೆಲ್ಲ ಹೇಳಿಕೆಗಳಾದವು. ಸುದ್ದಿ ಎಲ್ಲಿದೆ?" ಎಂದರಂತೆ.

ಆಮೇಲೆ ಅವರೇ ದಾರಿ ಹೇಳಿದ್ದಾರೆ. ಒಬ್ಬರ ಮನೆಗೆ ಇನ್ನೊಬ್ಬರು ಹೋಗಬೇಕು. ತರಗತಿಯಲ್ಲಿ ಆಡಿದ ಮಾತಿಗೆ ಆ ಮನೆಯ ಇಬ್ಬರು ಹೌದೆನ್ನಬೇಕು. ಅವರು ಕಣ್ಣಾರೆ ಕಂಡಿರಬೇಕು, ಇಲ್ಲವೇ ಕಿವಿಯಾರೆ ಕೇಳಿರಬೇಕು. ಇಬ್ಬರು ಸಿಗದಿದ್ದರೆ ಆ ಸಾಲನ್ನು ಹೊಡೆದು ಹಾಕುವುದು.

ಅಲ್ಲಿಂದ ಶುರುವಾಯಿತು ನೋಡಿ ಗಮ್ಮತ್ತು. ಒಬ್ಬ ಹುಡುಗ, ಬೆಳಗಿನ ವಾರ್ತೆ ಓದುವವನಾಗುತ್ತೇನೆ, ಸೂರ್ಯ ಹುಟ್ಟುವ ಮುಂಚೆ ಏಳುವುದು ನನ್ನ ಅಭ್ಯಾಸ ಎಂದಿದ್ದನಂತೆ. ಅದನ್ನು ಕೇಳಿದ ಅವನ ತಾಯಿ ನಗು ತಡೆಯಲಾರದೆ ಹೊಸ್ತಿಲ ಮೇಲೆ ಕೂತುಬಿಟ್ಟಳಂತೆ, ನಗು ಸಾಲದೆಂದು ಪಕ್ಕದ ಮನೆಯವಳನ್ನೂ ಕರೆದಳಂತೆ. ಯುದ್ಧಭೂಮಿಯಿಂದ ವರದಿ ಮಾಡುತ್ತೇನೆಂದಿದ್ದ ಹುಡುಗಿಯ ವಿಷಯ ಇನ್ನೂ ಚೆನ್ನ. ಗೋಡೆಯ ಮೇಲೆ ಹಲ್ಲಿ ಕಂಡದ್ದಕ್ಕೆ ಅವಳು ಮೇಜು ಹತ್ತಿ, ಊಟವನ್ನೂ ಅಲ್ಲಿಗೇ ತರಿಸಿಕೊಂಡಿದ್ದಳೆಂದು ಅವಳ ಸೋದರತ್ತೆ ಸಾಕ್ಷಿ ನುಡಿದಳಂತೆ. ಹೋಟೆಲುಗಳ ಊಟದಲ್ಲಿ ತಪ್ಪು ಹುಡುಕಿ ಬರೆಯುತ್ತೇನೆ ಎಂದವನಿಗೆ ಮಾತ್ರ ಮನೆಯವರೆಲ್ಲ ಕೇಳುವ ಮೊದಲೇ ಹೌದೆಂದರಂತೆ.

ಇದನ್ನೆಲ್ಲ ನನ್ನ ಮೊಮ್ಮಗಳು ಕಿವಿಗೆ ಬಾಯಿಟ್ಟು ಹೇಳಿದಳು. ಅವಳು ಏನು ಹೇಳುವುದಿದ್ದರೂ ಹಾಗೆಯೇ. ಮನೆಯಲ್ಲಿ ಅವಳ ಹೆಸರೇ ಪಿಸು.

"ನೀನೇನು ಹೇಳ್ದೆ ಮತ್ತೆ?" ಎಂದೆ.

ಅವಳು ಅತ್ತಿತ್ತ ನೋಡಿದಳು. "ಫುಟ್‌ಬಾಲ್ ಆಟಕ್ಕೆ ಕಾಮೆಂಟರಿ ಹೇಳೋಳಾಗ್ತೀನಿ ಅಂದೆ ಅಜ್ಜಿ. ಮೈದಾನದ ತುಂಬಾ ಕೇಳೋ ಹಾಗೆ. ನಾಳೆ ಇಬ್ರು ಹೌದು ಅಂದ್ರೆ ಭಾನುವಾರದ ಕಾಲೇಜು ಮ್ಯಾಚಿಗೆ ಮೈಕ್ ನನಗೇ. ಇಲ್ದಿದ್ರೆ ಆ ಹಲ್ಲಿ ಹುಡುಗಿಗೆ."

ನಮ್ಮ ಮನೆಯಲ್ಲಿ ಗಟ್ಟಿಯಾಗಿ ಮಾತಾಡುವ ಪದ್ಧತಿ ಇಲ್ಲ. ನನ್ನ ದೊಡ್ಡ ಮಗ, ಅಂದರೆ ಪಿಸುವಿನ ಅಪ್ಪ, ರಾತ್ರಿ ಬಸ್ಸಿನ ಡ್ರೈವರು. ಊರೆಲ್ಲ ಮಲಗಿದ ಮೇಲೆ ಹೊರಟು ಬೆಳಗಾದ ಮೇಲೆ ಮನೆ ಸೇರುತ್ತಾನೆ, ಹಗಲೆಲ್ಲ ಮಲಗುತ್ತಾನೆ. ಸೊಸೆ ಮದುವೆಯಾಗಿ ಬಂದ ವರ್ಷವೇ ಅವನಿಗೆ ಈ ಪಾಳಿ ಬಿತ್ತು. ಪಾಪ, ನೂರಾರು ಜನರ ಜೀವ ಹೊತ್ತು ಓಡಿಸುವವನು, ನಿದ್ದೆ ಕೆಟ್ಟರೆ ಗತಿಯೇನೆಂದು ಅವಳು ಪಾತ್ರೆಗಳನ್ನು ಬಟ್ಟೆಯ ಮೇಲಿಟ್ಟು ತೊಳೆದಳು. ಅವಳನ್ನು ನೋಡಿ ನಾವೆಲ್ಲ ಬಾಯಿಗೆ ಬೀಗ ಹಾಕಿಕೊಂಡೆವು. ಮಗು ಹುಟ್ಟಿದ್ದೂ ಆ ಪಿಸುಮಾತಿನ ಮನೆಯಲ್ಲೇ, ಮಾತು ಕಲಿತದ್ದೂ ಅದರಲ್ಲೇ. ಜಗಳವಾಡಿದರೂ ನಾವು ತುಟಿಯಲ್ಲೇ ಆಡುತ್ತಿದ್ದೆವು. ಸೀನು ಬಂದರೆ ಬಚ್ಚಲಿಗೆ ಓಡುತ್ತಿದ್ದೆವು.

ಮಗಳ ವಿಷಯದಲ್ಲಿ ಅವಳಪ್ಪನಿಗೆ ಒಂದು ಲೆಕ್ಕಾಚಾರವಿತ್ತು. ಹುಡುಗಿ ತುಟಿ ಪಿಟಕ್ಕೆನ್ನುವುದಿಲ್ಲ, ಬರೆಯುವ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದ್ದಾಳೆ ಎಂದೇ ಪತ್ರಿಕೋದ್ಯಮಕ್ಕೆ ಒಪ್ಪಿದ್ದ. ಓದು ಮುಗಿದ ಮೇಲೆ ಬಸ್ ಡಿಪೋದ ಕಚೇರಿಯಲ್ಲಿ ಒಂದು ಮೂಲೆಯ ಮೇಜು ಕೊಡಿಸುವ ಮಾತನ್ನೂ ಆಡಿಟ್ಟಿದ್ದ.

ಮರುದಿನ ಮಧ್ಯಾಹ್ನ ವಿಚಾರಣೆಗೆ ಬಂದವಳು ಅವಳ ಸಹಪಾಠಿ. ಕಾಲೇಜಿನಲ್ಲಿ ಅವಳನ್ನು ನಗಾರಿ ಎನ್ನುತ್ತಾರಂತೆ. ಯಾಕೆಂದು ಅವಳು ಬಾಗಿಲಲ್ಲಿ ನಿಂತು "ನಮಸ್ಕಾರ ಅಜ್ಜೀ" ಅಂದಾಗಲೇ ತಿಳಿಯಿತು. ನನ್ನ ಸೊಸೆ ಎರಡೂ ಕೈಯಿಂದ ಅವಳ ಬಾಯಿ ಮುಚ್ಚಿ ಒಳಗೆ ಎಳೆದುಕೊಂಡಳು.

"ಮೆತ್ತಗೆ ಕಣೇ. ಇವಳಪ್ಪ ಮಲಗಿದ್ದಾರೆ."

"ಮೆತ್ತಗೇ ಮಾತಾಡಿದ್ದು ಆಂಟಿ," ಎಂದಳು ನಗಾರಿ. ಕಿಟಕಿಯ ಗಾಜು ಅದುರಿತು.

ಕೊನೆಗೆ ಅವಳನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಹಾಕಿದೆವು. ಅವಳು ಪೆನ್ನು ತೆಗೆದಳು.

"ಅಜ್ಜಿ, ನಿಮ್ಮ ಮೊಮ್ಮಗಳು ಆಟದ ಕಾಮೆಂಟರಿ ಹೇಳ್ತಾಳೆ ಅನ್ನೋದು ನಿಜಾನಾ? ನೀವು ಕೇಳಿದ್ದೀರಾ?"

"ಕೇಳಿದ್ದೀನಿ," ಎಂದೆ.

ಸೊಸೆ ನನ್ನನ್ನೇ ನೋಡಿದಳು. ನಾನು ಸುಳ್ಳು ಹೇಳಿರಲಿಲ್ಲ. ನನ್ನ ಕಣ್ಣಿನ ಪೊರೆ ತೆಗೆದು ಪಟ್ಟಿ ಕಟ್ಟಿದ್ದಾಗ ಈ ಹುಡುಗಿ ಇನ್ನೂ ಹಾಲುಹಲ್ಲಿನವಳು. ನನಗೆ ಬೇಸರವಾಗಬಾರದೆಂದು ಕಿಟಕಿಯಲ್ಲಿ ಕೂತು, ಕೆಳಗೆ ಬೀದಿಯಲ್ಲಿ ಮಕ್ಕಳು ಚೆಂಡಾಡುವುದನ್ನೆಲ್ಲ ನನ್ನ ಕಿವಿಗೆ ಸುರಿಯುತ್ತಿದ್ದಳು. ಕೆಂಪಂಗಿಯವನು ಒದ್ದ, ಬೋಳುತಲೆಯವನು ಬಿದ್ದ, ಚೆಂಡು ಚರಂಡಿಗೆ ಹೋಯಿತು, ಈಗ ಯಾರು ಇಳಿಯಬೇಕೆಂದು ಜಗಳ ಹತ್ತಿದೆ. ಪಟ್ಟಿ ಬಿಚ್ಚಿದ ಮೇಲೆ ನಾನೇ ಕಿಟಕಿಯಿಂದ ನೋಡಿದೆ. ಅವಳು ಹೇಳಿದಷ್ಟು ಚೆನ್ನಾಗಿ ಆ ಮಕ್ಕಳು ಆಡುತ್ತಿರಲಿಲ್ಲ.

ನಗಾರಿ ಬರೆದುಕೊಂಡಳು. "ಒಬ್ರಾದ್ರು. ಆಂಟಿ, ನೀವು?"

ಸೊಸೆಯ ಮುಖ ಸಣ್ಣದಾಯಿತು. "ನನಗೆ ಇದು ಗೊತ್ತೇ ಇಲ್ವಲ್ಲಮ್ಮ. ಹಸಿವು ಅಂತ ಕೂಡ ಇವಳು ಕೈಸನ್ನೆಯಲ್ಲೇ ಹೇಳೋದು. ಕೇಳದೆ ಹೇಗೆ ಹೌದು ಅನ್ಲಿ?"

"ಈಗ ಕೇಳಿ. ಏಯ್, ಹೇಳೇ ಏನಾದ್ರೂ."

ಪಿಸು ಬಾಯಿ ತೆರೆದಳು. ಗಂಡ ಮಲಗಿದ ಕೋಣೆಯ ಕಡೆ ತಾಯಿಯ ಕಣ್ಣು ಹೊರಳಿತು. ಅದನ್ನು ಕಂಡು ಪಿಸುವಿನ ಬಾಯಿ ಹಾಗೆಯೇ ಮುಚ್ಚಿಕೊಂಡಿತು.

ಅಷ್ಟರಲ್ಲಿ ಕೆಳಗೆ ಗಾಡಿ ನಿಂತ ಸದ್ದಾಯಿತು. ನನ್ನ ಚಿಕ್ಕ ಮಗ, ಪಿಸುವಿನ ಚಿಕ್ಕಪ್ಪ, ಯಾವುದೋ ಕಚೇರಿಯವರು ಬೇಡವೆಂದು ಮಾರಿದ ಕಬ್ಬಿಣದ ಬೀರು ಹಾಕಿಸಿಕೊಂಡು ಬಂದಿದ್ದ. ಗಾಡಿಯವನು ಅದನ್ನು ಮೆಟ್ಟಿಲ ಬುಡದಲ್ಲಿ ಇಳಿಸಿ ಹೊರಟೇಹೋದ. ಕಟ್ಟಡದವರು ಯಾರೂ ಹತ್ತುವಂತಿಲ್ಲ, ಇಳಿಯುವಂತಿಲ್ಲ. ಅಣ್ಣ ಏಳುವವರೆಗೆ ಕಾಯುವಂತಿರಲಿಲ್ಲ. ಚಿಕ್ಕಪ್ಪ ಬರಿಗಾಲಲ್ಲಿ ಓಡಿ ಬಂದ.

"ಅತ್ತಿಗೆ, ಸದ್ದಿಲ್ದೆ ಹತ್ತಿಸ್ಬಿಡೋಣ. ಹಳೇ ಸೀರೆ, ಗೋಣಿಚೀಲ ಏನಿದ್ರೂ ಕೊಡಿ, ಕಾಲಿಗೆ ಸುತ್ತೋಣ."

ನಗಾರಿ ಅವನನ್ನೂ ಬಿಡಲಿಲ್ಲ. "ಅಂಕಲ್, ಪಿಸು ಕಾಮೆಂಟರಿ ಹೇಳೋದನ್ನ ಕೇಳಿದ್ದೀರಾ?"

"ಕೇಳಿಲ್ಲ. ಆದ್ರೆ ಬರ್ಕೋ, ಕೇಳಿದ್ದೀನಿ. ನಮ್ಮ ಹುಡುಗಿ ತಾನೇ."

"ಹಾಗೆಲ್ಲ ಬರ್ಕೊಳ್ಳೋ ಹಾಗಿಲ್ಲ ಅಂಕಲ್," ಎಂದು ನಗಾರಿ ಪೆನ್ನು ಕಿವಿಗೆ ಸಿಕ್ಕಿಸಿಕೊಂಡಳು. ಆ ಹುಡುಗಿ ನನಗೆ ಆಗಲೇ ಇಷ್ಟವಾದಳು.

ಕೆಳಗಿನ ಅಂಗಡಿಯ ದರ್ಜಿಯೂ ಕೈಹಾಕಿದ. ಮುಂದೆ ಚಿಕ್ಕಪ್ಪ, ಹಿಂದೆ ದರ್ಜಿ, ಪಕ್ಕದಲ್ಲಿ ಗೋಡೆಗೆ ತಾಗದಂತೆ ದಿಂಬು ಹಿಡಿದ ನನ್ನ ಸೊಸೆ. ಬೀರುವಿಗೆ ಸೀರೆ ಉಡಿಸಿ, ಕಾಲಿಗೆ ಚೀಲ ಕಟ್ಟಿ, ಮೂರೂ ಜನ ಕಳ್ಳರ ಹಾಗೆ ಉಸಿರು ಬಿಗಿಹಿಡಿದು ಹತ್ತತೊಡಗಿದರು. ನಾನು ಮೇಲೆ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತೆ. ನಾಲ್ಕು ಮೆಟ್ಟಿಲು ಕೆಳಗೆ ಹುಡುಗಿಯರಿಬ್ಬರೂ ನನಗೆ ಬೆನ್ನು ಹಾಕಿ ನಿಂತರು.

ಮೆಟ್ಟಿಲು ತಿರುಗುವಲ್ಲಿ ಬೀರು ಸಿಕ್ಕಿಹಾಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಚಿಕ್ಕಪ್ಪ ಬಾಯಿ ಬಿಡದೆ ಹುಬ್ಬಿನಲ್ಲೇ ಎಡಕ್ಕೆ ಅಂದ. ದರ್ಜಿ ಅದನ್ನು ಮೇಲಕ್ಕೆ ಎಂದು ತಿಳಿದ. ಸೊಸೆ ಮೂಗಿನಲ್ಲಿ ಏನೋ ಅಂದಳು, ಅದು ಯಾರಿಗೂ ಅರ್ಥವಾಗಲಿಲ್ಲ. ಉಡಿಸಿದ ಸೀರೆ ಸಡಿಲಾಗಿ, ಬೀರುವಿನ ಬಾಗಿಲು ತಾನಾಗಿ ತೆರೆದು ದರ್ಜಿಯ ತಲೆ ಒಳಗೆ ಹೋಯಿತು.

ಆಗ ಪಿಸು ಶುರುಮಾಡಿದಳು. ಅಭ್ಯಾಸಬಲದಿಂದ, ನನ್ನ ಕಿವಿಗೆ ಹೇಳುವ ಹಾಗೆಯೇ, ಮೆಲ್ಲಗೆ.

"ಕೇಳಿಸ್ತಿಲ್ಲ," ಎಂದಳು ನಗಾರಿ. "ಕೇಳಿಸ್ದೇ ಇದ್ದಿದ್ದನ್ನ ನಾನು ಬರ್ಕೊಳ್ಳಲ್ಲ."

ಪಿಸು ಗಂಟಲು ಸ್ವಲ್ಪ ಎತ್ತಿದಳು. "ಕೇಳುಗರೇ, ಆಟ ಈಗ ಬಿರುಸಾಗಿದೆ. ಚಿಕ್ಕಪ್ಪ ಮುಂಚೂಣಿಯಲ್ಲಿ ಏಕಾಂಗಿ. ದರ್ಜಿ ಮಾಮ ಬೀರುವಿನೊಳಗೆ ತಲೆ ಹಾಕಿ ಏನೋ ಹುಡುಕುತ್ತಿದ್ದಾರೆ, ಬಹುಶಃ ತಮ್ಮ ಅಂಗಡಿಯ ದಾರಿ."

ನಗಾರಿ ಗೋಡೆಗೆ ಒರಗಿ ನಕ್ಕಳು. ಬೀರುವಿನೊಳಗಿಂದ ದರ್ಜಿ, "ಏಯ್ ಹುಡುಗಿ, ಹೊರಗೆ ಬಂದೆ ಅಂದ್ರೆ ನೋಡು," ಎಂದ.

"ಕೇಳುಗರೇ, ಬೀರು ಮಾತಾಡುತ್ತಿದೆ," ಎಂದಳು ಪಿಸು. ಅವಳ ಧ್ವನಿ ಇನ್ನೊಂದು ಮೆಟ್ಟಿಲು ಹತ್ತಿತು. "ಅಮ್ಮ ದಿಂಬಿನೊಂದಿಗೆ ಅದ್ಭುತ ರಕ್ಷಣೆ. ಆದರೆ ಅವರು ಕಾಯುತ್ತಿರುವುದು ಗೋಡೆಯನ್ನಲ್ಲ, ತಮ್ಮ ಹೊಸ ಸೀರೆಯನ್ನ. ಹಳೆಯದೆಂದು ಚಿಕ್ಕಪ್ಪ ತಾವೇ ತೆಗೆದು ಬೀರುವಿಗೆ ಉಡಿಸಿರುವುದು ಅದನ್ನೇ. ಅಮ್ಮನಿಗೆ ಈಗಷ್ಟೇ ಗೊತ್ತಾಗಿದೆ. ಚಿಕ್ಕಪ್ಪ ಕೈ ಬಿಡುವಂತಿಲ್ಲ, ಓಡುವಂತಿಲ್ಲ. ಅಮ್ಮ ಮುನ್ನುಗ್ಗುತ್ತಿದ್ದಾರೆ, ದಿಂಬು ಎತ್ತಿದ್ದಾರೆ, ಕೇಳುಗರೇ, ಹೊಡೆದೇಬಿಟ್ಟರು."

ಅಷ್ಟು ದೊಡ್ಡ ಧ್ವನಿ ಆ ಸಣ್ಣ ಮೈಯೊಳಗೆ ಎಲ್ಲಿತ್ತೋ. ಅದು ಮೆಟ್ಟಿಲ ಸಾಲಿನಲ್ಲಿ ಇಳಿದು, ಬೀದಿ ಬಾಗಿಲು ಮುಟ್ಟಿ ಮೇಲೆ ಬಂತು. ನನ್ನ ಹೊಟ್ಟೆ ನಗುವಿನಿಂದ ಹಿಡಿದುಕೊಂಡಿತ್ತು. ಆಗಲೇ ನನ್ನ ಭುಜದ ಮೇಲೆ ಒಂದು ಕೈ ಬಿತ್ತು.

ತಲೆಗೂದಲು ಕೆದರಿಕೊಂಡು, ಬನಿಯನ್ನಿನಲ್ಲಿ, ನನ್ನ ದೊಡ್ಡ ಮಗ ನಿಂತಿದ್ದ. ನಾನು ಏನೋ ಹೇಳಹೊರಟೆ. ಅವನು ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರೆಂದು ಸನ್ನೆ ಮಾಡಿದ. ಇಷ್ಟು ವರ್ಷ ಅವನ ನಿದ್ದೆಗಾಗಿ ನಾವು ತುಟಿಯ ಮೇಲೆ ಇಟ್ಟುಕೊಂಡಿದ್ದ ಬೆರಳು ಅದು.

ಕೆಳಗಿನವರು ಅವನನ್ನು ಕಂಡು ಕಲ್ಲಾದರು. ಪಿಸುವಿಗೆ ತಿಳಿಯಲಿಲ್ಲ.

"ಕೇಳುಗರೇ, ಆಟ ಇದ್ದಕ್ಕಿದ್ದಂತೆ ನಿಂತಿದೆ. ಅಮ್ಮನ ದಿಂಬು ಗಾಳಿಯಲ್ಲಿದೆ. ಚಿಕ್ಕಪ್ಪ ಬೆವರುತ್ತಿದ್ದಾರೆ, ಒರೆಸಿಕೊಳ್ಳುತ್ತಿಲ್ಲ. ಎಲ್ಲರೂ ನನ್ನ ಹಿಂದೆ ಏನನ್ನೋ ನೋಡುತ್ತಿದ್ದಾರೆ. ಈಗ ನಾನೂ ತಿರುಗುತ್ತಿದ್ದೇನೆ, ಅಲ್ಲಿ..." ತಿರುಗಿದಳು. "ಅಪ್ಪ," ಎಂದಳು. ಆ ಮಾತು ಮತ್ತೆ ಅವಳ ಹಳೆಯ ಧ್ವನಿಗೆ ಇಳಿದಿತ್ತು.

ಅಪ್ಪ ಅವಳನ್ನೇ ನೋಡುತ್ತಿದ್ದ.

"ಮುಂದೆ?" ಎಂದ.

"ಅಣ್ಣಾ," ಎಂದ ಚಿಕ್ಕಪ್ಪ, "ಮುಂದೆ ಅಂದ್ರೆ ನನ್ನ ಕೈ ಬಿದ್ದುಹೋಗುತ್ತೆ."

ಅಪ್ಪ ಇಳಿದು ಹೋದ. ಬೀರುವಿನ ಸುತ್ತ ಕಣ್ಣಾಡಿಸಿದ. "ತಿರುವಿನಲ್ಲಿ ಮೂತಿ ತೂರಿಸ್ತಾರೇನೋ? ಹಿಂದಕ್ಕೆ ಬಾ. ಬಾ, ಬಾ, ಬಾ. ಸಾಕು. ಈಗ ಹಿಂಭಾಗ ಎತ್ತಿ ಬಲಕ್ಕೆ." ತಾನೇ ದರ್ಜಿಯ ಪಕ್ಕ ಹೆಗಲು ಕೊಟ್ಟ. ಆಮೇಲೆ ತಲೆಯೆತ್ತಿ, "ಏನಮ್ಮ, ನಿಲ್ಲಿಸ್ಬಿಟ್ಟೆ? ನಾನು ಬಂದಿದ್ದೀನಿ ಅಂತ ಹೇಳೋದಿಲ್ವಾ?" ಎಂದ.

ಪಿಸು ನನ್ನ ಕಡೆ ನೋಡಿದಳು. ನಾನು ಕುರ್ಚಿಯನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ, ಅಷ್ಟೇ.

"ಬದಲಿ ಆಟಗಾರ ಕಣಕ್ಕಿಳಿದಿದ್ದಾರೆ," ಎಂದಳು. ಮೊದಲ ಮಾತು ನಡುಗಿತು, ಎರಡನೆಯದು ನಡುಗಲಿಲ್ಲ. "ಹಾಸಿಗೆಯಿಂದ ನೇರವಾಗಿ, ಹಲ್ಲುಜ್ಜದೆ." ಅಪ್ಪ ನಕ್ಕದ್ದಕ್ಕೆ ಬೀರು ಒಂದು ಬದಿಗೆ ವಾಲಿ, ನಾಲ್ವರೂ ಕೂಗಿ ಮತ್ತೆ ಹಿಡಿದರು. ಮಹಡಿಯ ಮನೆಯವರು ಮೇಲಿಂದ ಇಣುಕಿದರು, ಕೆಳಗೆ ದಾರಿಗಾಗಿ ಕಾಯುತ್ತಿದ್ದವರು ಚಪ್ಪಾಳೆ ತಟ್ಟಿದರು. ಅವಳು ಒಬ್ಬರನ್ನೂ ಬಿಡದೆ ಎಲ್ಲರನ್ನೂ ಆಟಕ್ಕೆ ಸೇರಿಸಿಕೊಂಡಳು. ಬೀರು ಹೊಸ್ತಿಲು ದಾಟಿದಾಗ ಅವಳು ಎಳೆದ ಗೋಲ್ ಎಂಬ ಮಾತು ಮುಗಿಯುವ ಹೊತ್ತಿಗೆ ದರ್ಜಿ ಒಂದು ಲೋಟ ನೀರು ಕುಡಿದು ಮುಗಿಸಿದ್ದ.

ದರ್ಜಿ ಅಂಗಡಿಗೆ ಇಳಿದು ಹೋದ ಮೇಲೆ ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ನಕ್ಕೋ ಅತ್ತೋ. "ನಿಮ್ಮ ನಿದ್ದೆ ಹಾಳಾಯ್ತಲ್ರೀ," ಎಂದಳು.

"ಬೀರುವಿಗೆಲ್ಲ ನಾನು ಏಳ್ತೀನೇನೇ?" ಎಂದ ಅವನು. "ಡಿಪೋದಲ್ಲಿ ಬಸ್ಸಿನ ಕೆಳಗೆ ಸುತ್ತಿಗೆ ಬಡೀತಿದ್ರೆ ಮೇಲಿನ ಸೀಟಲ್ಲಿ ಮಲಗಿರ್ತೀನಿ. ಇವಳ ಗೆಳತಿ ಬಂದಾಗಿಂದ ಅಡುಗೆಮನೇಲಿ ಕೂಗ್ತಾ ಇದ್ಲು ಅನ್ನೋದು ಈಗ ನೀವು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಆದ್ರೆ ಗುರುತಿಲ್ಲದ ಧ್ವನಿ ಒಂದು ಅಮ್ಮ, ಚಿಕ್ಕಪ್ಪ ಅಂತ ನಮ್ಮ ಮನೆಯವಳ ಹಾಗೆ ಮೆಟ್ಟಿಲಿಂದ ಬಂತು. ಯಾರಪ್ಪ ಅಂತ ಎದ್ದು ಬಂದೆ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಸದ್ದಿಗೆ ನಿಮಗೆ ಎಚ್ಚರ ಆಗೋದಿಲ್ವಾ?" ಎಂದಳು ಸೊಸೆ, ಆಗಲೂ ಪಿಸುಮಾತಿನಲ್ಲೇ.

"ಇಲ್ಲ. ಯಾಕೆ?"

"ಮತ್ತೆ ನಾವು ಇಷ್ಟು ವರ್ಷ..."

"ನೀವು ಹುಟ್ಟಿದ್ದೇ ಹಾಗೆ, ಮೆತ್ತನೆ ಜನ ಅಂದ್ಕೊಂಡಿದ್ದೆ," ಎಂದ ನನ್ನ ಮಗ. "ನನಗೂ ಮನೇಲಿ ಗಟ್ಟಿಯಾಗಿ ಮಾತಾಡೋಕೆ ಸಂಕೋಚ ಆಗ್ತಿತ್ತು."

ಚಿಕ್ಕಪ್ಪ ಬೀರುವಿಗೆ ಹಣೆ ಹಚ್ಚಿ ನಕ್ಕ. ನಾನು ಬಚ್ಚಲಿಗೆ ಓಡಿ ಸೀನಿದ್ದನ್ನೆಲ್ಲ ನೆನೆದು ನಕ್ಕೆ. ಸೊಸೆ ದಿಂಬಿನಲ್ಲಿ ಗಂಡನಿಗೂ ಒಂದು ಕೊಟ್ಟಳು.

ನಗಾರಿ ಕಿವಿಯಿಂದ ಪೆನ್ನು ತೆಗೆದಳು. "ಅಂಕಲ್, ಒಂದು ಪ್ರಶ್ನೆ. ನಿಮ್ಮ ಮಗಳು ಮೈದಾನದ ತುಂಬಾ ಕೇಳೋ ಹಾಗೆ ಕಾಮೆಂಟರಿ ಹೇಳ್ತೀನಿ ಅಂದಿದ್ದಾಳೆ. ಕಿವಿಯಾರೆ ಕೇಳಿದ್ದೀರಾ? ಹೌದಾ, ಅಲ್ವಾ?"

ಅವನು ಮಗಳ ಕಡೆ ತಿರುಗಿದ. "ಡಿಪೋದವರಿಗೆ ನಾನು ಏನೇನೋ ಹೇಳಿಟ್ಟಿದ್ದೀನಲ್ಲ. ಮೂಲೆ ಮೇಜು ಬೇಡ್ವಾ ನಿನಗೆ?"

ಪಿಸು ತಲೆಯಾಡಿಸಿದಳು. ಅದು ಸಾಲದೆಂದು ಅವಳಿಗೇ ಅನಿಸಿರಬೇಕು. "ಬೇಡ ಅಪ್ಪ," ಎಂದು ಬಾಯಿಬಿಟ್ಟು ಹೇಳಿದಳು.

"ನಿದ್ದೆಯಿಂದ ಎದ್ದು ಬಂದಿದ್ದೀನಿ, ಇನ್ನೇನು ಸಾಕ್ಷಿ ಬೇಕಮ್ಮ," ಎಂದ ಅವನು ನಗಾರಿಗೆ. "ಹೌದು ಅಂತ ಬರ್ಕೋ. ದೊಡ್ಡ ಅಕ್ಷರದಲ್ಲಿ ಬರ್ಕೋ." ಬರೆದದ್ದನ್ನು ಇಣುಕಿ ನೋಡಿ, ಆಕಳಿಸುತ್ತ ಕೋಣೆಗೆ ಹೊರಟ. "ಭಾನುವಾರ ಮ್ಯಾಚ್ ಶುರುವಾಗೋ ಮುಂಚೆ ನನ್ನನ್ನ ಎಬ್ಬಿಸು."

"ಸರಿ ಅಪ್ಪ," ಎಂದಳು ಪಿಸು.

"ಕೇಳಿಸ್ಲಿಲ್ಲ," ಎಂದ ಅವನು ಒಳಗಿನಿಂದ.

"ಸರಿ ಅಪ್ಪಾ."

ಕೆಳಗಿನ ಅಂಗಡಿಯಿಂದ ದರ್ಜಿ, "ನನಗೂ ಕೇಳಿಸ್ತು," ಎಂದ.