ಹುಳ ಹಿಡಿದ ನಿಂಬೆಗಿಡ

ಇವತ್ತಾದರೂ ಹೇಳಿಬಿಡಲೇ, ಇಲ್ಲ ಇನ್ನೊಂದು ಶನಿವಾರ ತಳ್ಳಲೇ? ಜಿನ್ನಿಯಾ ಸಸಿಗಳ ಬುಡ ಕೆದಕುತ್ತ ನರ್ಸರಿಯವನು ಐದು ವಾರದಿಂದ ಇದನ್ನೇ ತೂಗಿ ನೋಡುತ್ತಿದ್ದ. ಹೇಳಬೇಕಾದ್ದು ಇಷ್ಟೇ: ಹೂವಿಗೆ ಚಿಟ್ಟೆ ಬರುತ್ತದೆ ನಿಜ, ಆದರೆ ಮೊಟ್ಟೆಯಿಡುವುದು ಮರಿಹುಳಕ್ಕೆ ಒಗ್ಗುವ ಎಲೆಯಿದ್ದ ಗಿಡದ ಮೇಲೆ. ಒಂದು ನಿಂಬೆ ಸಾಕು. ಅದನ್ನು ಹೇಳಿಬಿಟ್ಟರೆ, ಮನೆ ಮುಂದೆ ಚಿಟ್ಟೆ ಬರಬೇಕೆಂದು ಪ್ರತಿ ಶನಿವಾರ ಗಿಡ ಕೇಳಿಕೊಂಡು ಬರುವ ಟೈಲರಮ್ಮನ ಕೆಲಸ ಮುಗಿಯಿತು. ಆಮೇಲೆ ಅವಳು ಈ ಕಡೆ ತಲೆಹಾಕಲು ಕಾರಣವೇ ಉಳಿಯುವುದಿಲ್ಲ. ಅದಕ್ಕೇ ಒಂದು ವಾರ ಚೆಂಡುಹೂ, ಇನ್ನೊಂದು ವಾರ ಕಾಸ್ಮಾಸ್ ಎಂದು ಒಂದೊಂದೇ ಕುಂಡ ಕೊಟ್ಟು ಕಳಿಸುತ್ತಿದ್ದ.

"ಬಂದ್ರಪ್ಪಾ ನಿನ್ನ ಟೈಲರಮ್ಮ," ಎಂದ ಅವನ ಅಣ್ಣ, ಔಷಧಿ ಹೊಡೆಯುವ ಕ್ಯಾನು ಬೆನ್ನಿಗೇರಿಸುತ್ತ. "ಅಂಗಿ ಗುಂಡಿ ನೋಡ್ಕೊ. ಅವರ ಕಣ್ಣು ಮೊದಲು ಬೀಳೋದೇ ಅಲ್ಲಿಗೆ."

ನಿಜಕ್ಕೂ ಒಂದು ಗುಂಡಿ ತಪ್ಪಿತ್ತು. ಸರಿಮಾಡಿಕೊಳ್ಳುವಷ್ಟರಲ್ಲಿ ಅವಳು ಎದುರಿಗೇ ನಿಂತಿದ್ದಳು. ಅಳತೆಪಟ್ಟಿ ಇನ್ನೂ ಕುತ್ತಿಗೆಯಲ್ಲೇ ನೇತಾಡುತ್ತಿತ್ತು.

"ನೀವು ಕೊಟ್ಟಿದ್ದೆಲ್ಲ ಹೂ ಬಿಟ್ಟಿವೆ. ಚಿಟ್ಟೆನೂ ಬರ್ತವೆ," ಎಂದಳು. "ಆದ್ರೆ ನಮ್ಮಮ್ಮಂದು ಒಂದೇ ರಾಗ. ಕಾಲು ಮುರ್ಕೊಂಡು ದಿನವಿಡೀ ಕಿಟಕಿ ಹತ್ರ ಕೂತಿರ್ತಾರಲ್ಲ. 'ಇವೇನೇ, ಹೋಟೆಲಿಗೆ ಬಂದ ಗಿರಾಕಿಗಳ ಹಾಗೆ ಕುಡಿದು ಎದ್ದು ಹೋಗ್ತವೆ, ಒಂದಾದ್ರೂ ಇಲ್ಲೇ ಸಂಸಾರ ಹೂಡಬಾರದಾ' ಅಂತಾರೆ."

ಅವನು ನಕ್ಕ.

"ನಗಬೇಡಿ. ಮುಂದಿನ ತಿಂಗಳು ಅಕ್ಕ ಬಂದು ಅಮ್ಮನ್ನ ಕರ್ಕೊಂಡು ಹೋಗ್ತಾಳೆ. ನಾಲ್ಕನೇ ಮಹಡಿ, ಅಲ್ಲಿ ಒಂದು ಕುಂಡ ಇಡೋಕೂ ಜಾಗ ಇಲ್ಲ. ಅಷ್ಟರೊಳಗೆ ಒಂದು ಹುಳ ಚಿಟ್ಟೆಯಾಗೋದನ್ನ ಅಮ್ಮನಿಗೆ ತೋರಿಸ್ಬೇಕು ಅಂತಿತ್ತು."

ನಗು ಅಲ್ಲೇ ಒಣಗಿತು. ಐದು ಶನಿವಾರ. ತಾನು ಅವನ್ನು ತನಗೆಂದು ಎತ್ತಿಟ್ಟುಕೊಂಡದ್ದು ಆ ಮುದುಕಿಗೆ ಇಲ್ಲಿ ಉಳಿದಿದ್ದ ದಿನಗಳಿಂದ ಕಿತ್ತು ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಎಲೆ ತೂತಾದ ಗಿಡಗಳನ್ನು ಗಿರಾಕಿಗಳ ಕಣ್ಣಿಗೆ ಬೀಳದಂತೆ ಹಿಂದಿನ ಸಾಲಿನಲ್ಲಿಡುವುದು ಅಣ್ಣತಮ್ಮಂದಿರ ರೂಢಿ; ಆ ಸಾಲಿಗೆ 'ಆಸ್ಪತ್ರೆ' ಎಂದೇ ಹೆಸರು. ಅಣ್ಣ ಅಲ್ಲಿ ಕೊಳವೆ ಎತ್ತಿ ನಿಂತಿದ್ದ.

"ಅಣ್ಣಾ, ಆ ನಿಂಬೆಗೆ ಹೊಡೀಬೇಡ!"

"ಯಾಕೋ? ಹುಳಕ್ಕೆ ಊಟ ಹಾಕೋಕೆ ನರ್ಸರಿ ಇಟ್ಟಿದೀವಾ?"

"ಹೂಂ, ಇವತ್ತು ಹಾಗೇ ಅಂದ್ಕೋ."

ಅವನು ತಂದಿಟ್ಟ ಕುಂಡ ನೋಡಿ ಅವಳು ಮೂಗಿನ ಮೇಲೆ ಬೆರಳಿಟ್ಟಳು. "ಇದೇನು ನರ್ಸರಿಯವರೇ! ಹೊಸದಾಗಿ ಕತ್ತರಿ ಹಿಡಿದೋರು ಬಟ್ಟೆ ಹಾಳು ಮಾಡಿದ ಹಾಗಿದೆ. ನನಗೇ ದಾಟಿಸ್ತಿದೀರಾ?"

"ಎಲೆ ಅಡಿ ನೋಡಿ." ಎರಡು ದಪ್ಪ ಹಸಿರು ಹುಳಗಳು ಎಲೆಯಂಚು ಮೇಯುತ್ತಿದ್ದವು. "ಇನ್ನು ಮೂರ್ನಾಲ್ಕು ದಿನಕ್ಕೆ ಗೂಡು ಕಟ್ತವೆ. ಆಮೇಲೆ ಎಂಟೋ ಹತ್ತೋ ದಿನ. ಎಲೆ ತಿಂದ್ರೆ ತಿನ್ಲಿ, ಮತ್ತೆ ಚಿಗುರುತ್ತೆ. ಯಾವ ಔಷಧಿನೂ ಹಾಕ್ಬೇಡಿ."

"ಅಂದ್ರೆ, ಆ ಹೂವಿನ ಗಿಡಗಳಲ್ಲಿ ಇವು ಹುಟ್ತಾನೇ ಇರ್ಲಿಲ್ವಾ?"

"ಇಲ್ಲ. ಮೊದಲೇ ಹೇಳ್ಬೇಕಿತ್ತು. ತಪ್ಪಾಯ್ತು."

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. "ಕೆಲಸದಲ್ಲಿ ಮರೆತಿರ್ತೀರಿ, ಬಿಡಿ," ಎಂದಳು. ಅವನು ತಿದ್ದಲಿಲ್ಲ.

"ಇನ್ನು ನಮ್ಮಮ್ಮ ಇವಕ್ಕೆ ಬಾಣಂತನ ಶುರು ಮಾಡ್ತಾರೆ," ಎಂದು ನಕ್ಕು ಕುಂಡವನ್ನು ಎದೆಗವಚಿಕೊಂಡಳು. ಗೇಟಿನ ಬಳಿ ತಿರುಗಿದಳು. "ಚಿಟ್ಟೆ ಹೊರಗೆ ಬರೋ ದಿನ ನೀವೂ ಬನ್ನಿ. ಅಮ್ಮ ನಿಮ್ಮನ್ನ ನೋಡ್ಬೇಕು ಅಂತಿರ್ತಾರೆ."

"ಬರ್ತೀನಿ," ಎಂದ.

ಮುಂದಿನ ಶನಿವಾರ ಅವಳು ಬರಲಿಲ್ಲ. ಕುಂಡ ಕೊಟ್ಟ ಹನ್ನೆರಡನೆಯ ದಿನ, ಚಿಟ್ಟೆ ಹೊರಬರುವ ಲೆಕ್ಕ ಹಾಕಿ, ಬೆಳಿಗ್ಗೆ ಅವನು ಉಗುರಿನ ಮಣ್ಣು ಹೋಗುವ ತನಕ ಕೈ ತೊಳೆದು ರಸ್ತೆಗೆ ಬಂದ. ರಸ್ತೆ ಎರಡೂ ಕಡೆಗೆ ಉದ್ದಕ್ಕೆ ಬಿದ್ದುಕೊಂಡಿತ್ತು. ಮನೆ ಎಲ್ಲಿ ಎಂದು ಅವನು ಅವಳನ್ನು ಕೇಳಿರಲೇ ಇಲ್ಲ.