ಮರ್ಯಾದೆಗೆ ಹೇಳಿದ ‘ಚೆನ್ನಾಗಿದ್ದೀನಿ’

ಒಂದೇ ಕಕ್ಕಸಿರುವ ಮನೆ. ಬೆಳಗಿನ ಹೊತ್ತು. ಹೆಗಲ ಮೇಲೆ ಟವೆಲ್ ಹಾಕಿಕೊಂಡು ಭಾವ ಬಾಗಿಲು ಬಡಿಯುತ್ತಿದ್ದ.

“ಏನಯ್ಯಾ ಪೇಂಟರ್, ಒಳಗೆ ಎರಡನೇ ಕೋಟ್ ಹೊಡೀತಿದ್ದೀಯಾ?”

ಪೇಂಟರ್ ಗೋಡೆ ಹಿಡಿದುಕೊಂಡೇ ಹೊರಗೆ ಬಂದ. ಮುಖ ಬಿಳಿಚಿತ್ತು. ಗಿರಾಕಿಯ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಅಕ್ಕ ಪೆಟ್ಟಿಗೆ ಪಕ್ಕಕ್ಕಿಟ್ಟಳು.

“ಯಾವಾಗಿಂದ ಇದು?”

“ಭೇದಿ ಶುರುವಾಗಿ ಮೂರು ದಿನ ಆಯ್ತಕ್ಕ. ನಿನ್ನೆಯಿಂದ ರಕ್ತಾನೂ ಹೋಗ್ತಿದೆ.”

ಪೇಂಟರ್ ಅವಳ ತಮ್ಮ. ಅವನ ಕಿಡ್ನಿ ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿತ್ತು. ಹಳೆಯ ಔಷಧಗಳು ನಾಟಲಿಲ್ಲ. ಆಸ್ಪತ್ರೆಯಲ್ಲಿ ಹೊಸ ಆ್ಯಂಟಿಬಾಡಿ ಔಷಧವೊಂದರ ಪರೀಕ್ಷೆ ನಡೆಯುತ್ತಿತ್ತು. ಎಲ್ಲ ಕೇಳಿ ತಿಳಿದುಕೊಂಡೇ ಅವನು ಒಪ್ಪಿ ಸೇರಿದ್ದ.

“ಆಸ್ಪತ್ರೆಗೆ ಹೇಳಿದೆಯಾ?”

“ನಿನ್ನೆ ನರ್ಸಮ್ಮ ಫೋನ್ ಮಾಡಿ ಹೇಗಿದ್ದೀರಿ ಅಂದ್ರು. ಚೆನ್ನಾಗಿದ್ದೀನಿ ಅಂದೆ.”

“ಚೆನ್ನಾಗಿದ್ದೀಯಾ? ನಿನ್ನ ಬಾಯಿಗಿಷ್ಟು ಮಣ್ಣು ಹಾಕ!”

“ಅಷ್ಟು ಪ್ರೀತಿಯಿಂದ ಕೇಳ್ತಾರೆ, ಹೆಣ್ಣುಮಗಳ ಹತ್ರ ಭೇದಿ ವಿಷಯ ಹೇಗಕ್ಕ ಹೇಳೋದು? ಹೇಳಿದ್ರೆ ಪರೀಕ್ಷೆಯಿಂದ ಹೆಸರು ತೆಗೆದುಹಾಕಿಬಿಟ್ರೆ? ನನಗೆ ಬೇರೆ ದಾರಿ ಎಲ್ಲಿದೆ?”

ಭಾವ ನಡುವೆ ಬಾಯಿ ಹಾಕಿದ. “ನಾನು ಆವತ್ತೇ ಬಡ್ಕೊಂಡೆ. ಈ ಆಸ್ಪತ್ರೆಯವರಿಗೆ ನಾವು ಪ್ರಯೋಗದ ಇಲಿಗಳು!”

ಅಕ್ಕ ಗಂಡನ ಕಡೆ ತಿರುಗಿದಳು. “ಇಲೀನ ಯಾರೂ ಹೇಗಿದ್ದೀಯಾ ಅಂತ ಕೇಳಲ್ಲ ರೀ. ಇವನನ್ನ ಕೇಳಿದ್ರು. ಇವನೇ ಸುಳ್ಳು ಹೇಳಿದ!”

ಅವಳೇ ಫೋನ್ ಹಚ್ಚಿ ಸ್ಪೀಕರ್ ಆನ್ ಮಾಡಿದಳು. ವಿಷಯ ಕೇಳಿದ ನರ್ಸಮ್ಮನ ದನಿಯೂ ಏರಿತು.

“ಅಣ್ಣಾ, ನಾನು ಕುಶಲ ವಿಚಾರಿಸೋಕೆ ಫೋನ್ ಮಾಡಲ್ಲ. ಈ ಔಷಧ ನಿಮ್ಮ ಮೈಯೊಳಗೆ ರೋಗ ತಡೆಯೋ ಕಾವಲು ಪಡೆಯನ್ನೇ ಕ್ಯಾನ್ಸರ್ ಮೇಲೆ ಛೂ ಬಿಡುತ್ತೆ. ಒಮ್ಮೊಮ್ಮೆ ಆ ಪಡೆ ನಿಮ್ಮ ಕರುಳಿನ ಮೇಲೇ ಬೀಳುತ್ತೆ. ಬೇಗ ಹೇಳಿದ್ರೆ ಹೆಚ್ಚಿನ ಸಲ ತಡೀಬಹುದು. ಬಿಟ್ರೆ ಕರುಳು ತೂತಾಗಬಹುದು. ಅಂಗಡಿ ಮಾತ್ರೆ ನುಂಗಬೇಡಿ. ಈಗಲೇ ಹೊರಡಿ!”

“ನನ್ನ ಹೆಸರು…?”

“ಈ ಔಷಧ ಸ್ವಲ್ಪ ದಿನ ನಿಲ್ಲಿಸಬಹುದು, ಪೂರ್ತಿ ನಿಲ್ಲಿಸಲೂಬಹುದು. ಸುಳ್ಳು ಹೇಳಲ್ಲ. ಆದರೆ ನಿಮ್ಮನ್ನ ನೋಡಿಕೊಳ್ಳೋದು ನಿಲ್ಲಲ್ಲ. ಇನ್ನೊಂದು ಮಾತು. ನೀವು ಮುಚ್ಚಿಟ್ರೆ ಇದರಿಂದ ತೊಂದರೆ ಇಲ್ಲ ಅಂತಲೇ ನಾವು ಬರೀತೀವಿ. ನಾಳೆ ಅದನ್ನ ನಂಬಿ ಇನ್ನೊಬ್ಬರು ಈ ಔಷಧ ತಗೋತಾರೆ. ಅವರಿಗೇನಾದ್ರೂ ಆದ್ರೆ?”

ಪೇಂಟರ್ ಚಪ್ಪಲಿ ಮೆಟ್ಟಿಕೊಂಡ. ಭಾವ ಟವೆಲ್ ಎಸೆದು ಆಟೋ ಕರೆಯಲು ಓಡಿದ.

ಆಸ್ಪತ್ರೆಯಲ್ಲಿ ನೋಡಿದರೆ ಕರುಳು ಊದಿಕೊಂಡಿತ್ತು. “ಇನ್ನೆರಡು ದಿನ ಬಿಟ್ಟಿದ್ದರೆ ಕೈಮೀರುತ್ತಿತ್ತು,” ಎಂದು ಡಾಕ್ಟರೂ ಗದರಿದರು. ಹೊಸ ಔಷಧ ನಿಲ್ಲಿಸಿ, ಊತ ಇಳಿಸುವ ಔಷಧ ಕೊಟ್ಟರು. ವಾರದಲ್ಲಿ ಹೊಟ್ಟೆ ಹತೋಟಿಗೆ ಬಂತು. ಗೆಡ್ಡೆ ಕರಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅದನ್ನು ತಿಳಿಯುವುದಕ್ಕೇ ಈ ಪರೀಕ್ಷೆ.

ಮುಂದಿನ ಸಲ ಫೋನ್ ಬಂದಾಗ ಕಿತ್ತುಕೊಂಡವನು ಭಾವ. “ಇವನಿಗೆ ಒಣಕೆಮ್ಮು ಶುರುವಾಗಿದೆ ನರ್ಸಮ್ಮ. ಮೊದಲು ಅದನ್ನ ಬರ್ಕೊಳ್ಳಿ!”

ಓದುತ್ತಿರುವವರೇ, ಹೊಸ ಔಷಧದ ಪರೀಕ್ಷೆಗೆ ಸೇರುವ ಮುನ್ನ ಕೇಳಬೇಕಾದ್ದನ್ನೆಲ್ಲ ಕೇಳಿ. ಬೇಡವೆನಿಸಿದರೆ ಯಾವತ್ತು ಬೇಕಾದರೂ ಹೊರಬರಬಹುದು, ಅದು ನಿಮ್ಮ ಹಕ್ಕು. ಆದರೆ ಭೇದಿ, ಕೆಮ್ಮು, ಏದುಸಿರು, ಮೈಮೇಲೆ ದದ್ದು, ವಿಪರೀತ ಸುಸ್ತು ಏನೇ ಆಗಲಿ, ಅವತ್ತೇ ಹೇಳಿ. ಪರೀಕ್ಷೆಗೆ ಸೇರಿದವರು ನಿಮ್ಮ ಮನೆಯವರಾಗಿದ್ದು, ತೊಂದರೆ ಮುಚ್ಚಿಟ್ಟರೆ, ಜಗಳವಾಡಿಯಾದರೂ ಹೇಳಿಸಿ. ಭೇದಿಗೆ ಔಷಧವಿದೆ. ನಾಚಿಕೆಗೆ ಯಾವ ಆಸ್ಪತ್ರೆಯಲ್ಲೂ ಇಲ್ಲ.