ಕರಣೆ ಹಚ್ಚುವವಳು

ಕೆಂಪಾಜಮ್ಮನ ಬಲಗೈಯ ಹೆಬ್ಬೆರಳು ಸದಾ ಕಪ್ಪಾಗಿರುತ್ತಿತ್ತು. ಮೃದಂಗದ ಬಲಮುಖದ ನಡುವೆ ಕಾಣುವ ಕರಿಯ ವೃತ್ತಕ್ಕೆ ಕರಣೆ ಎನ್ನುತ್ತಾರೆ. ಕಿಟ್ಟವೆಂಬ ಕರಿಗಲ್ಲಿನ ಪುಡಿಯನ್ನು ಅನ್ನದೊಂದಿಗೆ ಅರೆದು ಅದನ್ನು ಹಚ್ಚುವುದು ಅವಳ ಕೆಲಸ. ನನ್ನ ಎರಡೂ ಮೃದಂಗಗಳು ನಾದ ಪಡೆದದ್ದು ಅವಳ ಕೈಯಲ್ಲೇ.

ಆಗ ನನಗಿನ್ನೂ ಮೂವತ್ತು ದಾಟಿರಲಿಲ್ಲ. ಊರಿನ ಸಂಗೀತ ಸಭೆಯವರು ಮೃದಂಗದ ಅಂಗಾಂಗಗಳ ಬಗ್ಗೆ ಉಪನ್ಯಾಸ ಕೊಡಿ ಎಂದಾಗ ಹಿಗ್ಗಿ ಒಪ್ಪಿಕೊಂಡೆ. ಬರೆಯಲು ಕೂತಾಗಲೇ ತಿಳಿದದ್ದು, ನುಡಿಸುವುದರ ಹೊರತು ನನಗೇನೂ ಗೊತ್ತಿರಲಿಲ್ಲ. ಹದಿನೈದು ವರ್ಷ ನುಡಿಸಿದ ವಾದ್ಯ ಹೇಗೆ ಮೈದಳೆಯುತ್ತದೆಂದು ಒಮ್ಮೆಯೂ ಕೇಳಿದವನಲ್ಲ.

ಮೂರು ದಿನ ಕೆಂಪಾಜಮ್ಮನ ಎದುರು ನೆಲದ ಮೇಲೆ ಕೂತೆ. ಎರಡು ಮುಖಗಳನ್ನೂ ಎಳೆದು ಬಿಗಿಯುವ ಚರ್ಮದ ಬಾರು, ಬಾರಿನಡಿ ಸಿಕ್ಕಿಸಿ ಶ್ರುತಿ ಏರಿಸುವ ಮರದ ಗಟ್ಟ, ಎಡಮುಖಕ್ಕೆ ಮೆತ್ತುವ ರವೆ, ಎಲ್ಲವನ್ನೂ ಮುಟ್ಟಿಸಿ ಮುಟ್ಟಿಸಿ ಹೇಳಿದಳು.

"ರವೆ ಕಮ್ಮಿಯಾದ್ರೆ ಬೊಗಳ್ತದೆ, ಜಾಸ್ತಿಯಾದ್ರೆ ಮೂಗನಂಗೆ ಕೂತ್ಕತದೆ ಕಣಪ್ಪ" ಎಂದು ನಕ್ಕಳು. ಅದನ್ನೂ ಬರೆದುಕೊಂಡೆ.

"ನಾಳಿಕೂ ಬಾ. ಕರಣೆ ಇಕ್ಕಾದು ತೋರುಸ್ತೀನಿ. ಅದೇ ಮುಖ್ಯ."

ನಾನು ಹೋಗಲಿಲ್ಲ. ಒಂದು ಗಂಟೆ ಮಾತಾಡಲು ಸಾಕಾಗುವಷ್ಟು ಸಿಕ್ಕಿತ್ತು.

ಉಪನ್ಯಾಸದ ದಿನ ಸಭಾಂಗಣ ತುಂಬಿತ್ತು. ಹೇಗೋ ಸುದ್ದಿ ತಿಳಿದು ಕೆಂಪಾಜಮ್ಮನೂ ಬಂದು, ಬಾಗಿಲಲ್ಲಿ ಚಪ್ಪಲಿಗಳ ರಾಶಿಯ ಪಕ್ಕ ನಿಂತಿದ್ದಳು. ನನ್ನ ಕಡೆ ನೋಡಿ ಕೈ ಎತ್ತಿದಳು. ನಾನು ಕಾಣದವನಂತೆ ಕಾಗದ ತಿರುವಿದೆ. ರವೆಯ ಮಾತಿಗೆ ಜೋರಾಗಿ ಚಪ್ಪಾಳೆ ಬಿತ್ತು. ಅದು ನನ್ನ ಗುರುಗಳ ಮಾತೆಂದು ಹೇಳಿದ್ದೆ.

ಕೊನೆಯಲ್ಲಿ ನಿವೃತ್ತ ಹೆಡ್‌ಮಾಸ್ಟರರೊಬ್ಬರು ಎದ್ದು ನಿಂತರು. "ಕರಣೆಯನ್ನು ಪದರ ಪದರವಾಗಿ ಯಾಕೆ ಹಚ್ಚಬೇಕು? ಒಂದೇ ಸಲ ದಪ್ಪಗೆ ಬಳಿದರೆ ಆಗದೇ?"

ನಾನು ಸಂಪ್ರದಾಯ, ಪರಂಪರೆ ಎಂದು ಏನೇನೋ ತಡವರಿಸಿದೆ. ಬಾಗಿಲಿನಿಂದ ದನಿ ಬಂತು.

"ದಪ್ಪಕ್ಕೆ ಇಕ್ಕಿದ್ರೆ ದನಿ ಕೊಡಕಿಲ್ಲ ಸೋಮಿ. ಒಂದೊಂದು ಪದರನೂ ಕಲ್ಲಲ್ಲಿ ಉಜ್ಜಿ ಉಜ್ಜಿ, ಕಣ್ಣಿಗೆ ಕಾಣ್ದಂಗೆ ಬಿರುಕು ಬಿಡುಸ್ಬೇಕು. ಬಿರುಕಿದ್ರೇನೆ ನಾದ."

ಎಲ್ಲರೂ ತಿರುಗಿ ನೋಡಿದರು. ನನ್ನನ್ನು ಕಾಪಾಡಲೆಂದೇ ಅವಳು ಮಾತಾಡಿದ್ದಳು. ಅವಳ ಮುಖ ನೋಡಿದ್ದರೆ ಯಾರಿಗಾದರೂ ಅದು ತಿಳಿಯುತ್ತಿತ್ತು.

ಅಧ್ಯಕ್ಷರು ನನ್ನತ್ತ ಬಾಗಿ, "ಯಾರಾಕೆ? ನಿಮಗೆ ಗೊತ್ತೇ?" ಎಂದರು.

ಮೈಕು ನನ್ನೆದುರೇ ಇತ್ತು. "ಗೊತ್ತಿಲ್ಲ" ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. "ಚಪ್ಪಲಿ ಕಾಯುವವಳಿರಬೇಕು."

ಸಭೆ ನಕ್ಕಿತು. ಕೆಂಪಾಜಮ್ಮ ಆ ಕಪ್ಪು ಹೆಬ್ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಮೆಟ್ಟಿಲಿಳಿದು ಹೋದಳು.

ಎರಡು ತಿಂಗಳು ಆ ಬೀದಿಗೆ ಕಾಲಿಡಲಿಲ್ಲ. ಆಮೇಲೆ ಬಲಮುಖದ ಕರಣೆ ಚಕ್ಕೆ ಎದ್ದು ಮೃದಂಗ ಮಂಕಾಯಿತು. ಬೇರೆ ಇಬ್ಬರ ಕೈಯಲ್ಲಿ ಮಾಡಿಸಿ ನೋಡಿದೆ, ಸರಿಹೋಗಲಿಲ್ಲ. ಕೊನೆಗೆ ಅವಳ ಬಾಗಿಲಿಗೇ ಹೋಗಿ ನಿಂತೆ. ಅವಳು ಬೈಯಲಿ, ಮುಖಕ್ಕೆ ಬಾಗಿಲು ಹಾಕಲಿ ಎಂದು ಹಾರೈಸಿಕೊಂಡೇ ಹೋಗಿದ್ದೆ.

"ಬನ್ನಿ ಸೋಮಿ" ಎಂದಳು.

"ಅವತ್ತು ಸಭೇಲಿ ನಾನು..."

"ಸ್ರುತಿ ಎಷ್ಟಕ್ಕೆ ಬೇಕು?"

ನಾನು ಶ್ರುತಿ ಹೇಳಿದೆ. ಮುಂದೆ ಒಂಬತ್ತು ವರ್ಷ ಅವಳೇ ನನ್ನ ಮೃದಂಗಗಳಿಗೆ ಕರಣೆ ಹಚ್ಚಿದಳು. ನಾದದಲ್ಲಿ ಎಂದೂ ಕೊರತೆ ಮಾಡಲಿಲ್ಲ. ನನ್ನನ್ನು ಮತ್ತೆಂದೂ "ಬಾ" ಎನ್ನಲಿಲ್ಲ.

ನಾನು ಮರಳಿ ಹೋದ ಅಂದು ಅವಳು ಹಿತ್ತಲ ಕಡೆಯಿಂದ ಹೋಗಿ, ಪಕ್ಕದ ಮನೆಯಿಂದ ತಂದದ್ದೋ ಏನೋ, ಒಂದು ಕುರ್ಚಿ ಹೊತ್ತು ತಂದಳು. ಸೆರಗಿನಿಂದ ಒರೆಸಿ ನನ್ನೆದುರು ಇಟ್ಟು, ತಾನು ನೆಲದ ಮೇಲೆ ಕೂತು ಮೃದಂಗವನ್ನು ಮಡಿಲಿಗೆ ಎಳೆದುಕೊಂಡಳು. ನಾನು ಕುರ್ಚಿಯಲ್ಲಿ ಕೂತೆ. ಅಷ್ಟು ಎತ್ತರದಿಂದ ಅವಳನ್ನು ಹಿಂದೆಂದೂ ನೋಡಿರಲಿಲ್ಲ. ಬಾಗಿದ ತಲೆಯಲ್ಲಿ ಬೈತಲೆಯ ಉದ್ದಕ್ಕೂ ಕೂದಲು ಬೆಳ್ಳಗಾಗಿತ್ತು.